ಅಂಗಡಿ ಬೀದಿಯ ಕಿಟಕಿಗಳು

ಸೊಸೆ ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು, ಆದರೆ ತೆಗೆಯಲು ಧೈರ್ಯ ಬರಲಿಲ್ಲ. ಆ ಬೀದಿಯಲ್ಲಿ ಅಂಗಡಿಗಳಷ್ಟೇ ಇರಬೇಕು, ಯಾರೂ ವಾಸ ಮಾಡಕೂಡದು ಎಂಬುದು ನಗರದ ನಿಯಮವಾಗಿತ್ತು. ಹಾಗಾಗಿ ಅವಳೂ ಅತ್ತೆಯೂ ತಮ್ಮ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಇಷ್ಟು ವರ್ಷ ಸದ್ದಿಲ್ಲದೆ ಬದುಕಿದ್ದರು. ಕಿಟಕಿಗೆ ಕಪ್ಪು ಬಟ್ಟೆ ಬಿಗಿದಿದ್ದರು. ಒಗೆದ ಸೀರೆಗಳನ್ನೂ ಒಳಗೇ ಒಣಗಿಸುತ್ತಿದ್ದರು. ಇವತ್ತು ಮಧ್ಯಾಹ್ನ ನಗರಸಭೆ ನಿಯಮ ಬದಲಿಸಿತ್ತು. ಇನ್ನು ಕೆಳಗೆ ಅಂಗಡಿ, ಮೇಲೆ ಮನೆ, ಎರಡೂ ಇರಬಹುದು.

"ತೆಗಿಯಮ್ಮ," ಎಂದರು ಅತ್ತೆ.

"ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಅಂತ್ಲೇ ತೆಗಿ."

ಅವಳು ಬಟ್ಟೆ ಸರಿಸಿ ಕದ ತೆರೆದಳು. ಮುಸ್ಸಂಜೆಯ ತಂಗಾಳಿ ಒಳಬಂದು, ತೂಗುಹಾಕಿದ್ದ ಅರ್ಧ ಹೊಲಿದ ಅಂಗಿಗಳ ತೋಳುಗಳನ್ನು ಮೆಲ್ಲಗೆ ಆಡಿಸಿತು. ಕೆಳಗೆ ಶಟರುಗಳೆಲ್ಲ ಇಳಿದಿದ್ದವು. ಈ ಹೊತ್ತಿಗೆ ಬೀದಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲವೆಂದೇ ಅವಳು ನಂಬಿದ್ದಳು. ಅಷ್ಟರಲ್ಲಿ ಎದುರಿನ ಗಡಿಯಾರದ ಅಂಗಡಿಯ ಮೇಲೆ ಕಿರ್ರೆಂದು ಒಂದು ಕಿಟಕಿ ತೆರೆಯಿತು. ಬೀಗದ ಅಂಗಡಿಯ ಮೇಲೆ ಇನ್ನೊಂದು. ಆಮೇಲೆ ಬೀದಿಯುದ್ದಕ್ಕೂ, ನಿದ್ದೆಯಿಂದ ಕಣ್ಣು ಬಿಡುವ ಹಾಗೆ, ಬೆಳಕಿನ ಚೌಕಗಳು ಮೂಡುತ್ತಾ ಹೋದವು. ಎಲ್ಲೋ ತಟ್ಟೆ ಬಿದ್ದು ಗಿರ್ರನೆ ತಿರುಗಿತು. ಒಂದು ಮಗು ಜೋರಾಗಿ ನಕ್ಕಿತು. ಯಾರೂ ಅದರ ಬಾಯಿ ಮುಚ್ಚಿಸಲಿಲ್ಲ.

ಗಡಿಯಾರ ರಿಪೇರಿಯವನ ಹೆಂಡತಿ ಇವಳನ್ನೇ ಬೆರಗಾಗಿ ನೋಡುತ್ತಿದ್ದಳು. ದಿನಾ ಕೆಳಗೆ ಮಾತಾಡಿಸುತ್ತಿದ್ದ ಮುಖ ಅದು.

"ಅಯ್ಯೋ, ನೀವೂ ಇಲ್ಲೇ ಇದ್ರಾ?"

ಅತ್ತೆ ಸೊಸೆಯ ಹೆಗಲ ಮೇಲಿಂದ ಬಗ್ಗಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಇದೇ ಕಣಮ್ಮಾ ನಮ್ಮನೆ!"