ಹೆಸರು ಹೇಳುವ ಕನ್ನಡಕ

ದೇಶಾಂತರ ಹೋಗಿದ್ದ ಮಗ ತಾನೇ ಎಂದು ಕಣ್ಣು ಮಂಜಾದ ಮುದುಕಿಯನ್ನು ನಂಬಿಸಿ ಅವನು ಆ ಮನೆ ಸೇರಿ ವರ್ಷಗಳೇ ಕಳೆದಿದ್ದವು. ಈಗ ಅವನಿಗೂ ಬೇರೆ ತಾಯಿಯಿರಲಿಲ್ಲ.

ಒಂದು ದಿನ ಮುದುಕಿಯ ಮೊಮ್ಮಗಳು ಕ್ಯಾಮೆರಾ ಇರುವ ಕನ್ನಡಕ ತಂದಳು. “ಮಾವನ ಹಳೇ ಫೋಟೊಗಳನ್ನೆಲ್ಲ ಇದಕ್ಕೆ ತುಂಬಿಸಿದ್ದೀನಜ್ಜಿ. ಎದುರಿಗೆ ಬಂದವರ ಹೆಸರು ಅದೇ ಹೇಳುತ್ತೆ,” ಎಂದು ತೊಡಿಸಿ ಹೊರಟುಹೋದಳು.

ಅವನು ಬಾಗಿಲಲ್ಲೇ ನಿಂತುಬಿಟ್ಟ. ಷಟ್ಪದಿ ಗುನುಗುತ್ತಿದ್ದ ಮುದುಕಿ ನಿಲ್ಲಿಸಿ ಅವನತ್ತ ತಿರುಗಿದಳು.

“ಅಪರಿಚಿತ ವ್ಯಕ್ತಿ,” ಎಂದಿತು ಕನ್ನಡಕ.

“ಬಂದು ಕೂತ್ಕೋ, ಗಂಜಿ ಆರುತ್ತೆ,” ಎಂದಳು ಅವಳು.

ಅವನು ಕೂರಲಿಲ್ಲ. “ನಾನು ನಿನ್ನ ಮಗ ಅಲ್ಲಮ್ಮಾ.”

“ಪಿತೃಪಕ್ಷದಲ್ಲಿ ನಿಮ್ಮಪ್ಪನ ಎಡೆ ಪಕ್ಕ ಪ್ರತಿ ವರ್ಷ ಇನ್ನೊಂದು ಎಡೆ ಇಡ್ತಿದ್ದೆನಲ್ಲ, ಅದು ಯಾರಿಗೆ ಅಂದ್ಕೊಂಡಿದ್ದೆ, ಮಗಾ?”