ಬೂಟು ಬಿಚ್ಚದ ಸಿಪಾಯಿ

"ಸ್ವಲ್ಪ ನಿಲ್ಲಿಸಿ," ಅಂದರು ಹತೋರಿ ಟೀಚರ್. ಟಿ.ವಿ. ಪರದೆಯ ಮೇಲೆ ಆಗಷ್ಟೇ ಒಂದು ಜೊಂಬಿಯ ತಲೆ ಹಾರಿ ಅಕ್ಕಿ ಡಬ್ಬದ ಮೇಲೆ ಕೂತಿತ್ತು. ಇಕುತಾ ಥಟ್ಟನೆ ಆಟ ನಿಲ್ಲಿಸಿದ. ನಡೆದಾಡುವ ಹೆಣಗಳನ್ನು ಬಂದೂಕಿನಿಂದ ಉರುಳಿಸುವ ಈ ವಿಡಿಯೋ ಗೇಮ್ ಅವನದು. ಜಪಾನಿನ ನಗೋಯಾದ ಈ ಸಮಿತಿ 'ಹದಿನೈದರ ಮಕ್ಕಳು ಆಡಬಹುದು' ಎಂದು ಮುದ್ರೆ ಒತ್ತಿದರೆ ಬೇಸಿಗೆ ರಜೆಗೆ ಅದು ಅಂಗಡಿಗೆ ಹೋಗುತ್ತದೆ. ದೊಡ್ಡವರಿಗೆ ಮಾತ್ರ ಅಂದುಬಿಟ್ಟರೆ ಅಂಗಡಿಯ ಅಟ್ಟಕ್ಕೆ ಹೋಗುತ್ತದೆ, ಜೊತೆಗೆ ಅವನ ಪುಟ್ಟ ಕಂಪನಿಯೂ ಮುಳುಗುತ್ತದೆ.

"ರಕ್ತ ಜಾಸ್ತಿ ಆಯ್ತಾ ಟೀಚರ್? ಮಕ್ಕಳು ನೋಡ್ತಾರೆ ಅಂತಾನೇ ಹಸಿರು ಬಣ್ಣ ಕೊಟ್ಟಿದ್ದೀವಿ."

"ರಕ್ತಕ್ಕೇನಾಗಿದೆ, ಸೊಪ್ಪಿನ ಸಾರು ಚೆಲ್ಲಿದ ಹಾಗಿದೆ," ಅಂದರು ಇನ್ನೊಬ್ಬ ತೀರ್ಪುಗಾರ ನಾಗಾಯಿ. ಅವರದು ತೋಫು ಎಂಬ ಸೋಯಾ ಪನೀರಿನ ಅಂಗಡಿ. ಜನಸಾಮಾನ್ಯರ ಪ್ರತಿನಿಧಿ ಎಂದು ಅವರನ್ನು ಸಮಿತಿಗೆ ಹಾಕಿಕೊಂಡಿದ್ದರು. ಸಮಿತಿಯ ಅಕ್ಕಿ ಬಿಸ್ಕತ್ತು ಖಾಲಿ ಮಾಡುವ ಮೂಲಕ ಅವರು ಆ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದರು.

ಹತೋರಿ ಟೀಚರ್ ಜೀವಮಾನವಿಡೀ ಶಾಲೆಯಲ್ಲಿ ಗೃಹವಿಜ್ಞಾನ ಕಲಿಸಿ ನಿವೃತ್ತರಾದವರು. ತಲೆ ಹಾರಿದ್ದನ್ನು ಅವರು ಗಮನಿಸಿದಂತೆಯೇ ಇರಲಿಲ್ಲ. ಅವರ ಬೆರಳು ಪರದೆಯ ಕೆಳಭಾಗಕ್ಕೆ ಹೋಯಿತು. "ನಿಮ್ಮ ಈ ಸಿಪಾಯಿ ಬೂಟು ಹಾಕ್ಕೊಂಡೇ ಮನೆಯೊಳಗೆ ಬಂದಿದ್ದಾನೆ."

ಇಕುತಾ ಕಣ್ಣು ಪಿಳಿಪಿಳಿ ಬಿಟ್ಟ. "ಟೀಚರ್, ಅವನನ್ನ ಜೊಂಬಿಗಳು ಅಟ್ಟಿಸ್ಕೊಂಡು ಬರ್ತಾ ಇದಾವೆ."

"ಬರ್ಲಿ. ಅದಕ್ಕೆ? ಶುದ್ಧವಾದ ತಾತಾಮಿ ಚಾಪೆ, ಅದರ ಮೇಲೆ ಕೆಸರು ಬೂಟು. ಯಾರ ಮನೆ ಮಗ ಇವನು? ಆ ಜೊಂಬಿಗಳನ್ನೇ ನೋಡಿ, ಎಲ್ಲಾ ಬರಿಗಾಲಲ್ಲಿವೆ. ಸತ್ತ ಮೇಲೂ ಮರ್ಯಾದೆ ಬಿಟ್ಟಿಲ್ಲ."

ನಾಗಾಯಿ ಬಗ್ಗಿ ನೋಡಿ, "ಹೌದಲ್ಲ, ಪಾಪ," ಅಂದರು. ಬಾಗಿಲಲ್ಲೇ ಷೂ ಬಿಟ್ಟು ಬಂದಿದ್ದ ಇಕುತಾ, ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ಮೆಲ್ಲಗೆ ಮೇಜಿನಡಿಗೆ ಎಳೆದುಕೊಂಡ. "ಅದೊಂದು ಸರಿ ಮಾಡ್ಕೊಂಡು ಬನ್ನಿ," ಅಂದರು ಟೀಚರ್. "ಉಳಿದದ್ದೆಲ್ಲ ನಡೆಯುತ್ತೆ. ಸತ್ತವರಿಗೆ ಗುಂಡು ಹೊಡೆದರೆ ಸಾಯೋರು ಯಾರು?"

ಮುಂದಿನ ವಾರ ಇಕುತಾ ಮತ್ತೆ ಬಂದ. ಈ ಸಲ ಕಾಲುಚೀಲವೂ ಹೊಸದು. ಟೀಚರ್ ತಾವೇ ಆಡಿ ನೋಡುತ್ತೇನೆಂದು ಗೇಮ್ ಆಡಿಸುವ ಗುಂಡಿಗಳ ರಿಮೋಟನ್ನು ಕೈಗೆ ತೆಗೆದುಕೊಂಡರು. ಸಿಪಾಯಿ ಕತ್ತಲ ಬೀದಿಯಲ್ಲಿ ಓಡಿ ಬಂದು ಒಂದು ಮನೆಯ ಬಾಗಿಲು ತೆರೆದ, ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಬಳಿ ಬೀದಿಗೆ ಬೆನ್ನು ಹಾಕಿ ಕೂತು ಬೂಟಿನ ಲೇಸಿಗೆ ಕೈ ಹಾಕಿದ. ಪರದೆ ತುಂಬ ಈಗ ಎರಡು ಕೈ, ಒಂದು ಉದ್ದನೆಯ ಲೇಸು ಮಾತ್ರ. ಹಿಂದಿನಿಂದ ಯಾರೋ ಬರಿಗಾಲು ಎಳೆದುಕೊಂಡು ಬರುವ ಸದ್ದು.

"ಇದನ್ನ ಬಿಚ್ಚೋದು ಹೇಗ್ರೀ?"

"ಆ ಗುಂಡಿ ಒತ್ತುತ್ತಾ ಇರಿ ಟೀಚರ್. ಲೇಸು ಮೊಣಕಾಲವರೆಗೂ ಇದೆ."

"ಬರ್ತಾ ಇದೆ," ಅಂದರು ನಾಗಾಯಿ, ಬಾಯಿಗೆ ಹೊರಟಿದ್ದ ಬಿಸ್ಕತ್ತನ್ನು ಅಲ್ಲೇ ನಿಲ್ಲಿಸಿ.

"ನಂಗೂ ಕೇಳಿಸ್ತಿದೆ, ಸುಮ್ನಿರಿ. ಒಂದು ಬೂಟು ಆಯ್ತು. ಇನ್ನೊಂದು... ಇದಕ್ಯಾಕೆ ಗಂಟು ಹಾಕಿದೀರಿ?"

"ಬಿಟ್ಟು ಓಡಿಬಿಡಿ ಟೀಚರ್, ಒಂದು ಬೂಟಲ್ಲೇ ಓಡಿ," ಅಂದರು ನಾಗಾಯಿ.

"ಒಂದಾದ್ರೇನು ಎರಡಾದ್ರೇನು, ಬೂಟು ಬೂಟೇ," ಅಂದರು ಟೀಚರ್, ಗುಂಡಿ ಒತ್ತುತ್ತಲೇ. ಆಗ ಲೇಸಿನ ಮೇಲೆ ಮೂರನೆಯ ಕೈಯೊಂದು ಬಂದು ಕೂತಿತು. ಹತೋರಿ ಟೀಚರ್ ಕಿಟಾರನೆ ಕಿರುಚಿದರು. ನಾಗಾಯಿಯವರ ಬಿಸ್ಕತ್ತು ಬಾರ್ಲಿ ಚಹಾದೊಳಗೆ ಬಿತ್ತು. ಈವರೆಗೆ ಯಾರನ್ನೂ ಹೆದರಿಸದಿದ್ದ ತನ್ನ ಆಟವನ್ನು ಇಕುತಾ ಬಾಯಿ ಬಿಟ್ಟು ನೋಡುತ್ತಿದ್ದ. ಹೋಯಿತು, ದೊಡ್ಡವರ ಮುದ್ರೆಯೇ ಗಟ್ಟಿ ಎಂದುಕೊಂಡ.

ಟೀಚರ್ ಕೂದಲು ಸರಿಮಾಡಿಕೊಂಡರು. ಹೆದರಿದ್ದೇನೋ ನಿಜ. ಆದರೆ ಹೇಳುವುದು ಹೇಗೆ? ಸಿಪಾಯಿ ಮಾಡಿದ್ದೆಲ್ಲ ಅವರು ಕಲಿಸಿದ್ದೇ. ಹೆದರಿದೆ ಅಂದರೆ ಬೂಟು ಬಿಚ್ಚುವುದೇ ತಪ್ಪು ಅಂದಂತಾಗುತ್ತದೆ. "ಶಿಸ್ತಿದೆ," ಅಂದರು ಗಂಟಲು ಸರಿಮಾಡಿಕೊಂಡು. "ಹದಿನೈದರ ಮಕ್ಕಳು ಧಾರಾಳವಾಗಿ ಆಡಬಹುದು. ನಾಲ್ಕು ಒಳ್ಳೆ ಅಭ್ಯಾಸ ಕಲೀತಾರೆ." ಮುದ್ರೆ ಬಿತ್ತು. ಇಕುತಾ ಎಷ್ಟು ಬಗ್ಗಿ ನಮಸ್ಕರಿಸಿದನೆಂದರೆ ಹಣೆ ಮೇಜಿಗೆ ಬಡಿಯಿತು.

ಟೀಚರ್ ಮನೆ ತಲುಪುವಾಗ ಮುಸ್ಸಂಜೆ. ಅವರು ಬಾಗಿಲು ತೆರೆದು ಒಳಗೆ ಹೊಸ್ತಿಲ ಬಳಿ ಕೂತು, ಬೂಟಿನ ಲೇಸಿಗೆ ಕೈ ಹಾಕಿದರು. ಬೆನ್ನ ಹಿಂದೆ, ಬೀದಿಯಲ್ಲಿ, ಯಾರೋ ಕಾಲೆಳೆದುಕೊಂಡು ಬರುತ್ತಿದ್ದರು. ಪಕ್ಕದ ಮನೆಯ ಮುದುಕ ದಿನಾ ಇದೇ ಹೊತ್ತಿಗೆ ವಾಕಿಂಗ್ ಮುಗಿಸಿ ಬರುತ್ತಾನೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೆರಳುಗಳು ಲೇಸಿನಲ್ಲಿ ತಡವರಿಸಿದವು.

ತಾತಾಮಿಯ ಮೇಲೆ ಕಾಲು ಚಾಚಿ ಬೇಸ್‌ಬಾಲ್ ನೋಡುತ್ತಿದ್ದ ಗಂಡ, ದಡಬಡ ಸದ್ದಿಗೆ ತಲೆಯೆತ್ತಿದರು. ಕೋಣೆಯ ನಡುವೆ ಹೆಂಡತಿ ಏದುಸಿರು ಬಿಡುತ್ತ ನಿಂತಿದ್ದಳು. ಮದುವೆಯಾದಾಗಿನಿಂದ ಕಾಣದ್ದೊಂದು ಅವರಿಗೆ ಅವಳ ಕಾಲಲ್ಲಿ ಕಂಡಿತು.

"ಬೂಟು," ಅಂದರು ಅವರು.

"ಗೊತ್ತು ಕಣ್ರೀ. ಮೊದ್ಲು ಹೋಗಿ ಬಾಗಿಲು ಹಾಕಿ."