ದೊರೆ ಕಲಿತ ಮಾತು

ಬಾಗಿಲಿಗೆ ಹೊರಗಡೆಯಿಂದ ಬೀಗ. ಒಳಗಡೆಯಿಂದ ಹೆಂಗಸಿನ ದನಿ.

"ಯಾರವ್ವ ಅಲ್ಲಿ? ನಮ್ಮ ಯಜಮಾನ್ರು ಬಂದ್ರಾ?"

ಕರಿಬಸಮ್ಮನ ಕೈಲಿದ್ದ ಹಾಲಿನ ಕ್ಯಾನು ಜಾರಿ ಮೆಟ್ಟಿಲ ಮೇಲೆ ಕೂತಿತು. ಪುಣ್ಯಕ್ಕೆ ಚೆಲ್ಲಲಿಲ್ಲ. ಇದು ಇಂಗ್ಲೆಂಡಿನ ದೊರೆ ಹಿಡಿದ ಮನೆ. ಒಳಗಿರಬೇಕಾದವಳು ಕಾಯಿಲೆ ಬಿದ್ದ ದೊರೆಸಾನಿ. ಈ ಅಚ್ಚ ಕನ್ನಡದ ಗಂಟಲು ಎಲ್ಲಿಂದ ಬಂತು?

ದೊರೆ ಹುಲಿಕುಂಟೆಗೆ ಬಂದದ್ದು ಯುಗಾದಿ ಕಳೆದ ಮೇಲೆ. ಊರಾಚೆ ಖಾಲಿ ಬಿದ್ದಿದ್ದ ಮೇಷ್ಟ್ರ ಮನೆಯನ್ನು ಬಾಡಿಗೆಗೆ ಹಿಡಿದ. ಕಲ್ಲು ಸಿಡಿಯುವ ಬಿಸಿಲಲ್ಲಿ ಹೆಂಡತಿಯನ್ನು ಕಾರಿನಿಂದ ಇಳಿಸಿದ. ತಲೆಗೆ ಟೋಪಿ, ಕಣ್ಣಿಗೆ ಕರಿ ಕನ್ನಡಕ, ಮೈತುಂಬ ಕೋಟು, ಕೈಗೆ ಉಣ್ಣೆ ಗವಸು. ಊರು ಅವಳನ್ನು ಕಂಡದ್ದು ಅಷ್ಟೇ. ಆಮೇಲೆ ಅವಳು ಹೊಸಿಲು ದಾಟಲಿಲ್ಲ. ಥಂಡಿ ದೇಶದ ಹಕ್ಕಿ, ನಮ್ಮ ಬಿಸಿಲಿಗೆ ರೆಕ್ಕೆ ಸುಟ್ಟುಕೊಂಡಿದೆ ಅಂದ ಟೀ ಅಂಗಡಿ ಅಡವಯ್ಯ.

ಅಡವಯ್ಯನ ಬಾಯಿ ಮುಚ್ಚಲು ಕೋಟೆ ಬಾಗಿಲೇ ತರಬೇಕು. ದೊರೆ ಬುಕ್ಕಾಪಟ್ಟಣದ ಕಾಡಲ್ಲಿ ಚಿಂಕಾರ ಜಿಂಕೆ ಎಣಿಸಲು ಬಂದಿದ್ದಾನೆ ಎಂದು ಒಂದು ದಿನ, ಅವನ ತಾತ ಹೂತಿಟ್ಟ ನಿಧಿ ಅಗೆಯಲು ಬಂದಿದ್ದಾನೆ ಎಂದು ಮರುದಿನ ಕಥೆ ಕಟ್ಟಿದ.

ದೊರೆಯ ಪಾಡು ಮಾತ್ರ ನಾಯಿಪಾಡು. ಗ್ಯಾಸ್ ಕೇಳಿದರೆ ರೇಷನ್ ಕಾರ್ಡ್ ತಾ ಅಂದರು. ತಾನು ಪರದೇಶದವನೆಂದು ರುಜುವಾತು ಮಾಡಲು ತುಮಕೂರಿಗೆ ಅಲೆದ. ಅವನ ಮುಖ ನೋಡಿದರೆ ಹಸುಗೂಸಿಗೂ ಗೊತ್ತಾಗುತ್ತಿತ್ತು, ಆಫೀಸಿನವರಿಗೆ ಗೊತ್ತಾಗಲಿಲ್ಲ. ನಲ್ಲಿ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡ, ಫಿಲ್ಟರ್ ನೀರಿನ ಕ್ಯಾನು ಹೆಗಲ ಮೇಲೆ ಹೊರುವುದು ಕಲಿತ. ಕೊನೆಗೆ ಸಿಲಿಂಡರ್ ಬಂದ ದಿನ ಗ್ಯಾಸಿನವನು ಬೀದಿಯಲ್ಲಿ ನಿಂತು "ಥಾಮಸ್ ಯಾರು?" ಎಂದು ಕೂಗಿದ. ಹಾಗಂದರೆ ನಮ್ಮ ದೊರೆಯೇ ಎಂದು ತಿಳಿಯಲು ಊರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹಾಲು ಹಾಕುವ ಕರಿಬಸಮ್ಮನೇ ಅವನಿಗೆ ಕನ್ನಡದ ಮೇಷ್ಟ್ರು. ಹೊಸಬರು ಮೊದಲು ಕಲಿಯುವುದು ರೇಟು ಎಷ್ಟು, ಬಸ್ಸು ಎಷ್ಟೊತ್ತಿಗೆ ಅಂತ. ಇವನು ಕೇಳಿದ್ದೇ ಬೇರೆ. ನೋವು ಎಲ್ಲಿ? ನೀರು ಬಿಸಿ ಆಯ್ತಾ? ಹೆದರಬೇಡಿ. ಅದೂ ಕೆಲಸದವನು ಮನೆಯೊಡತಿಗೆ ಹೇಳುವ ಹಾಗೇ ಬೇಕು ಅವನಿಗೆ.

"ಈ ವಯಸ್ನಾಗೆ ಯಾಕ್ ದೊರೆ ಕನ್ನಡ?" ಎಂದು ಕೇಳಿದ್ದಳು.

"ತಡ ಆಯ್ತು, ಕರಿಬಸಮ್ಮ," ಅಂದಿದ್ದ. "ಭಾಳ ತಡ ಆಯ್ತು."

ಮೊನ್ನೆ ಕೈಸನ್ನೆ ಬಾಯಿಸನ್ನೆ ಮಾಡಿ ಅವನು ಕಲಿತ ಮಾತಂತೂ ಅವಳ ಹೊಟ್ಟೆಯೊಳಗೆ ಹುರುಳಿಯ ಹಾಗೆ ಕುದಿಯುತ್ತಿತ್ತು: ನಿಮ್ಮ ಯಜಮಾನ್ರು ಸಂಜೆಗೆ ಬತ್ತಾರೆ, ಉಣ್ಣಿ ಅಮ್ಮ. ಯಾರ ಯಜಮಾನ? ಯಾವ ಅಮ್ಮ? ಸಿರಾಕ್ಕೆ ಹೋದವನು ಹಸಿರು ಗಾಜಿನ ಬಳೆ ಬೇರೆ ತಂದಿದ್ದ.

ಈಗ ಎಲ್ಲ ಗೊತ್ತಾಯಿತು. ಕಟ್ಟಿಕೊಂಡವಳು ಹಾಸಿಗೆ ಹಿಡಿದಿರುವಾಗಲೇ ಮುದುಕ ಇನ್ಯಾರದೋ ಹೆಂಡತಿಯನ್ನು ತಂದು ಕೂಡಿಹಾಕಿದ್ದಾನೆ.

ಅಷ್ಟರಲ್ಲಿ ನೀರಿನ ಕ್ಯಾನು ಹೊತ್ತು ದೊರೆ ಬಂದ. ಕರಿಬಸಮ್ಮ ಮರ್ಯಾದೆಯನ್ನೆಲ್ಲ ಮೆಟ್ಟಿಲ ಮೇಲೇ ಬಿಟ್ಟಳು.

"ಒಳಗೆ ಯಾರನ್ನ ಕೂಡಾಕಿದ್ದೀಯಾ?"

ಅವನು ಕ್ಯಾನು ಕೆಳಗಿಳಿಸಿದ. ಬೀಗ ತೆಗೆದ. "ಊಟ ಇಲ್ಲ. ಮೂರು ದಿನ," ಅಂದವನೇ ಅಡಿಗೆಮನೆಗೆ ಹೋದ.

ಕೋಣೆಯಲ್ಲಿ ಒಂದೇ ಮಂಚ. ಇಂಗ್ಲೆಂಡಿನವಳು ಎಲ್ಲೂ ಇಲ್ಲ, ಗೂಟದಲ್ಲಿ ಅವಳ ಕೋಟು, ಟೋಪಿ ಮಾತ್ರ. ಅವಳನ್ನೇನು ಮಾಡಿದನೋ ಎಂದು ಕರಿಬಸಮ್ಮ ಮೂಲೆ ಮೂಲೆ ನೋಡಿದಳು. ಮಂಚದ ಮೇಲೆ ತನ್ನ ಸೋದರತ್ತೆಯಂಥ ಕಪ್ಪನೆ ಮುದುಕಿ. ಹಣೆಗೆ ಕುಂಕುಮ. ಕಡ್ಡಿಯಂಥ ಕೈ, ಮೊಣಕೈ ತನಕ ಜಾರಿದ ಹಸಿರು ಬಳೆ. ಪಕ್ಕದಲ್ಲಿ ಒಣಗಿದ ಮುದ್ದೆ.

"ಯಾವೂರವ್ವ ನಿಂದು?"

"ಕೊರಟಗೆರೆ ಕಡೆ ಕಣಮ್ಮ."

"ಈ ಮುದುಕ ಹಿಂಸೆ ಕೊಡ್ತಾನಾ?"

"ಇಲ್ಲ ಬುಡು, ಪಾಪ. ಕೆಲಸ ಚೆಂದಾಗಿ ಮಾಡ್ತಾನೆ. ಒಂದೊಂದ್ ಸಲ ಕೈ ಹಿಡ್ಕಂಡು ಅಳ್ತಾ ಕೂತ್ಕಂತಾನೆ, ಅದೊಂದೇ ನಂಗೆ ಆಗಲ್ಲ. ನಮ್ಮ ಯಜಮಾನ್ರು ನೋಡಿದ್ರೆ ಏನನ್ಕಂತಾರೆ?"

"ಉಣ್ಣಕ್ಕೇನು ನಿಂಗೆ?"

"ಅವ್ರು ಉಣ್ಣದೆ ನಾನ್ ಹೆಂಗೆ ಉಣ್ಲಿ? ನಮ್ಮವ್ವ ಅಂಗೆ ಕಲಿಸಿಲ್ಲ."

ಗಂಡನನ್ನು ಹುಡುಕಿ ತರದಿದ್ದರೆ ಈ ಜೀವ ಉಳಿಯುವುದಿಲ್ಲ ಎಂದು ಕರಿಬಸಮ್ಮನಿಗೆ ಖಾತ್ರಿಯಾಯಿತು. ಹೆಸರು ಕೇಳಿದಳು. ಮುದುಕಿ ನಾಲಿಗೆ ಕಚ್ಚಿಕೊಂಡಳು. ಮುತ್ತೈದೆ ಗಂಡನ ಹೆಸರನ್ನು ಹಾಗೆಲ್ಲ ಬಾಯಿಬಿಟ್ಟು ಹೇಳುತ್ತಾಳೆಯೇ? ಕೇಳಬೇಕಾದ ರೀತಿ ಕರಿಬಸಮ್ಮನಿಗೆ ಗೊತ್ತಿತ್ತು. ಮದುವೆ ಮನೆಯಲ್ಲಿ ನಾದಿನಿ ನಿಲ್ಲುವ ಹಾಗೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಹೆಸರು ಹೇಳು, ದಾರಿ ಬುಡ್ತೀನಿ."

ಮುದುಕಿಯ ಮುಖ ಮದುವಣಗಿತ್ತಿಯದಾಯಿತು. ಸೆರಗು ಬಾಯಿಗೆ ಹಿಡಿದು, ರಾಗ ಎಳೆದು ಹೇಳಿದಳು:

"ಹಿತ್ತಾಳೆ ಚೊಂಬು, ಬೆಲ್ಲದ ಪಾನಕ,
ಗುಟುಕೂ ಕುಡಿಯೆನು ಥಾಮಸ್ ರಾಯರು ಬರೋ ತನಕ."

ಗ್ಯಾಸಿನವನು ಬೀದಿಯಲ್ಲಿ ಕೂಗಿದ ಹೆಸರು. ಕರಿಬಸಮ್ಮನ ಕೈಗಳು ತಾವಾಗಿ ಇಳಿದವು.

ಹಿಂದೆ ಬಿಸಿ ಮುದ್ದೆ ಹಿಡಿದು ನಿಂತಿದ್ದವನು ಅವಳನ್ನು ದಾಟಿ ಒಳಗೆ ಹೋದ. ಮಂಚದ ಪಕ್ಕ ನೆಲದ ಮೇಲೆ ಕೂತ. ಒಂದು ತುತ್ತು ಮುರಿದ. ಕರಿಬಸಮ್ಮ ಕಲಿಸಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ.

"ನಿಮ್ಮ ಯಜಮಾನ್ರು ಸಂಜೆಗೆ ಬತ್ತಾರೆ. ಉಣ್ಣಿ ಅಮ್ಮ."